ಹುಲಿಹೈದರದ ಹಿತ್ತಲಿಗೆ ಬೇಸಿಗೆ ಬಂತು

ಗಂಗಾವತಿಯಿಂದ ಕನಕಗಿರಿಯ ದಾರಿ ಹಿಡಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು ಹಿಂದೆ ಸರಿದು, ಮಳೆಯನ್ನೇ ನಂಬಿದ ಹೊಲಗಳು ಎದುರಾಗುತ್ತವೆ. ಕೊಪ್ಪಳ ಜಿಲ್ಲೆಯ ಹುಲಿಹೈದರ ಇಂಥ ಬಯಲುಸೀಮೆಯ ಊರು. ಶಿವರಾತ್ರಿ ಕಳೆಯಿತೆಂದರೆ ಬಿಸಿಲು ಏರುತ್ತದೆ, ಕೊಡ ನೀರಿಗೂ ಲೆಕ್ಕ ಬರುತ್ತದೆ. ಹಾಗಂತ ಹಿತ್ತಲಿನ ಮಲ್ಲಿಗೆ, ಕರಿಬೇವು ಒಣಗಲು ಬಿಡೋಕಾಗುತ್ತದೆಯೇ, ಸೋದರಿಯರೇ?

ಕುಡಿಯುವ ನೀರನ್ನು ಮುಟ್ಟುವುದೇ ಬೇಡ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರನ್ನು ಬಕೀಟಿನಲ್ಲಿ ಕೂಡಿಡಿ. ಸೋಪಿನ ಪುಡಿ ಬೆರೆತ ನೀರು ಮಾತ್ರ ಬೇಡ. ಹೊತ್ತು ಇಳಿದ ಮೇಲೆ ಬುಡಕ್ಕೆ ಹಾಕಿ. ಸುತ್ತ ಒಣ ಎಲೆ, ಶೇಂಗಾ ಸಿಪ್ಪೆಯನ್ನು ನಾಲ್ಕು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಗಬಾರದು. ಹಳೆಯ ಮಣ್ಣಿನ ಗಡಿಗೆ ಇದ್ದರೆ ಕುತ್ತಿಗೆವರೆಗೆ ಹೂತು ನೀರು ತುಂಬಿ ಮುಚ್ಚಿಡಿ. ನೀರು ಹನಿಹನಿಯಾಗಿ ಜಿನುಗಿ ಬೇರಿಗೇ ಸೇರುತ್ತದೆ.

ಮೊಗ್ಗು ಬಿಡುವ ಮಲ್ಲಿಗೆಗೆ ಈಗ ಕತ್ತರಿ ಹಾಕಬೇಡಿ. ಅದು ಚಳಿಗಾಲದ ಕೆಲಸ. ಕರಿಬೇವಿಗೆ ಹುಳ ಹತ್ತಿತೇ? 50 ಗ್ರಾಂ ಬೇವಿನ ಬೀಜದ ಪುಡಿಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಸಂಜೆ ಸಿಂಪಡಿಸಿ. ಒಂದು ವಾರ ಆ ಎಲೆಯನ್ನು ಒಗ್ಗರಣೆಗೆ ಕೀಳಬೇಡಿ.

ಹೊಸ ಸಸಿ ನೆಡುವ ಆಸೆಯಿದ್ದರೆ ಸ್ವಲ್ಪ ತಡೀರಿ. ಮೇ ತಿಂಗಳಲ್ಲಿ ಗುಂಡಿ ತೋಡಿ ಬಿಸಿಲಿಗೆ ಬಿಡಿ. ಜೂನ್ ಮೊದಲ ವಾರ ಕಳೆದರೆ ಮಿರಗ ಹೂಡುತ್ತದೆ. ನೆಲ ಚೆನ್ನಾಗಿ ನೆಂದ ಮೇಲೆ ಸಸಿ ಇಡಿ. ಈಗ ಉಳಿಸಿಕೊಂಡ ಗಿಡ ಆಗ ತಾನೇ ಚಿಗುರುತ್ತದೆ, ನೋಡ್ರಿ!