ಮಾವಿನಕಾಯಿ ಕದ್ದ ಹುಡುಗಿ

ಐರಣಿಯ ನಮ್ಮ ಮನೆಯಲ್ಲಿ ಉಪ್ಪಿನಕಾಯಿಗೆ ಮಾವು ಹೆಚ್ಚುವಾಗಲೆಲ್ಲ ನನಗೆ ಗಂಗೂಬಾಯಿ ಹಾನಗಲ್ ಅವರ ನೆನಪು. ಯಾಕೆ ಅಂತೀರಾ? ಕೇಳಿ.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಚಿಕ್ಕವರಿದ್ದಾಗ ನೆರೆಯವರ ತೋಟದಲ್ಲಿ ಮಾವಿನಕಾಯಿ ಕದ್ದಿದ್ದರಂತೆ. ತೋಟದವರಿಗೆ ಸಿಟ್ಟು ಬಂದದ್ದು ಕಾಯಿ ಹೋಯಿತೆಂದಲ್ಲ. ಹಾಡುವವಳ ಮಗಳು ಒಳಗೆ ಕಾಲಿಟ್ಟಳೆಂದು! 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದಾಗಲೂ, ಉಂಡ ಎಲೆ ಎತ್ತಲು ಹೇಳುತ್ತಾರೇನೋ ಎಂಬ ಅಳುಕೇ ಆ ಮಗುವಿಗೆ.

ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಗಂಟಲಿನ ಚಿಕಿತ್ಸೆಯಾಗಿ ದನಿ ಗಡಸಾಯಿತು. ಆ ದನಿಯಿಂದಲೇ ಹೆಸರಾದರು. 2002ರಲ್ಲಿ ಪದ್ಮವಿಭೂಷಣವೂ ಬಂತು. ಹೆಸರು ಬಂದ ಮೇಲೆ ಅದೇ ಜನ ಊಟಕ್ಕೆ ಕರೆದರಂತೆ!

ಹೆಸರಾದವರಿಗೆ ಮಣೆ ಹಾಕುವುದು ಸುಲಭ. ಹೋದ ಬೇಸಿಗೆ ನಮ್ಮ ಹಿತ್ತಲಿಗೆ ಬಂದ ಹುಡುಗಿಯನ್ನು "ಯಾರ ಮಗಳಬೇ ನೀ?" ಎಂದು ಗದರಿ ಅಟ್ಟಿದ್ದೆ. ಈ ಸಲ ನಾನೇ ಕರೆದು, ಉಪ್ಪು, ಬ್ಯಾಡಗಿ ಖಾರ ಹಚ್ಚಿದ ನಾಲ್ಕು ಹೋಳು ಕೊಟ್ಟೆ. ಹೊಸ್ತಿಲಾಚೆಯೇ ನಿಂತಿದ್ದಳು. "ಒಳಗ ಬಾರವ್ವಾ" ಅನ್ನಲು ನನಗೆ ಒಂದು ಗಳಿಗೆ ಬೇಕಾಯಿತು.

ನಿಮಗೆಷ್ಟು ಬೇಕಾದೀತು, ಹೇಳಿ?