ನೀಲಿ ಅಲ್ಲ, ಕಪ್ಪು

ಗಿಂಡಿ ಸ್ಟೇಷನ್ನಿನಿಂದ ಮನೆಗೆ ಬರುವ ದಾರಿಯಲ್ಲಿ ನಾವು ದಿನಸಿ ಕೊಳ್ಳುವ ಅಂಗಡಿ. ಗೋಡೆಯಲ್ಲಿ ಶಿವಕಾಶಿಯ ಕ್ಯಾಲೆಂಡರ್, ಅದರಲ್ಲಿ ಆಕಾಶನೀಲಿ ಕೃಷ್ಣ. ಈ ಸಲದ ಅಷ್ಟಮಿಯ ವಾರ, ಎರಡನೇ ಕ್ಲಾಸಿನ ನನ್ನ ಮಗಳು ಅದನ್ನು ನೋಡುತ್ತಾ ಕೇಳಿದಳು: "ಅಮ್ಮಾ, ಕೃಷ್ಣ ಕಪ್ಪು ಅಂದಿದ್ದೆಯಲ್ಲಾ?"

ಕೇಳಲು ಕಾರಣವಿತ್ತು. ಶಾಲೆಯ ನಾಟಕದಲ್ಲಿ ಅವಳಿಗೆ ಕೃಷ್ಣನಾಗುವ ಆಸೆ. ಟೀಚರು ತರಗತಿಯಲ್ಲೇ ಬೆಳ್ಳಗಿನ ಹುಡುಗನನ್ನು ಆರಿಸಿ, ಅವನಿಗೆ ನೀಲಿ ಬಣ್ಣ ಬಳಿದರು. ನನ್ನ ಬಣ್ಣವನ್ನೇ ಹೊತ್ತು ಬಂದ ಮಗಳು ಗೋಪಿಯರ ಸಾಲಿನಲ್ಲಿ ಹಿಂದೆ ನಿಂತಳು.

ಕೃಷ್ಣ ಎಂದರೇ ಕಪ್ಪು. ದ್ರೌಪದಿಗೂ ಕೃಷ್ಣೆ ಎಂಬ ಹೆಸರು ಬಂದದ್ದು ಮೈಬಣ್ಣದಿಂದ. ಹಳೆಯ ತಮಿಳಿನವರು ಅವನನ್ನು ಮಾಯೋನ್, ಕಪ್ಪಗಿನವನು, ಎಂದೇ ಕರೆದರು. ನಮ್ಮ ಉಡುಪಿಯಲ್ಲಿ, ಅಲಂಕಾರಕ್ಕೆ ಮುಂಚೆ ಬೆಳಗಿನ ಪೂಜೆಯ ಹೊತ್ತಿಗೆ ಕಿಂಡಿಗೆ ಕಣ್ಣಿಟ್ಟವರಿಗೆ ಆ ಕರಿಶಿಲೆ ಗೊತ್ತು. (ತಮಿಳಿನ ಬೋರ್ಡಿನಲ್ಲಿ ನಮ್ಮ ಗಿಂಡಿಯನ್ನೂ ಕಿಂಡಿ ಎಂದು ಓದಬಹುದು, ಅಕ್ಷರ ಒಂದೇ. ಬಂದ ಹೊಸತರಲ್ಲಿ ಅದೊಂದು ಸಮಾಧಾನವಾಗಿತ್ತು.) ಕಲ್ಲಿನಲ್ಲಿ ಕಪ್ಪಗೇ ಉಳಿದವನು ಕಾಗದಕ್ಕೆ ಬಂದಾಗ ನೀಲಿಯಾದ. ಮೋಡದ ಬಣ್ಣ ಎನ್ನುತ್ತೇವೆ, ನಿಜ. ಆದರೆ ಮಳೆ ತುಂಬಿದ ಮೋಡವನ್ನು ಕರಾವಳಿಯವರು ಯಾರಾದರೂ ತಿಳಿನೀಲಿ ಅಂದಾರೇ? 1894ರಲ್ಲಿ ರವಿವರ್ಮನ ಅಚ್ಚುಕೂಟ ಶುರುವಾಗಿ, ಆಮೇಲೆ ಶಿವಕಾಶಿ ಬಂದು, ದೇವರು ಮನೆಮನೆಯ ಗೋಡೆಗೆ ಬಂದರು. ಬರುವಾಗ ಬಹುಪಾಲು ಬೆಳ್ಳಗಾಗಿಯೇ ಬಂದರು.

2017ರ ಕೊನೆಗೆ ಇದೇ ಚೆನ್ನೈನ ಭರದ್ವಾಜ್ ಸುಂದರ್ ಮತ್ತು ಛಾಯಾಗ್ರಾಹಕ ನರೇಶ್ ನೀಲ್ 'ಡಾರ್ಕ್ ಈಸ್ ಡಿವೈನ್' ಎಂದು ದೇವರ ಫೋಟೋಗಳ ಸರಣಿ ಮಾಡಿದರು. ರೂಪದರ್ಶಿಗಳೆಲ್ಲ ಕಪ್ಪು ಮೈಬಣ್ಣದವರು. ಎಲೆಕ್ಟ್ರಿಕ್ ಟ್ರೈನಿನಲ್ಲಿ ಮೊಬೈಲಿನಲ್ಲಿ ನೋಡಿದೆ. ಬಾಲಕೃಷ್ಣನನ್ನು ಕಂಡು ಖುಷಿಯಾಯಿತು. ಲಕ್ಷ್ಮಿ ಬಂದಾಗ ಬೆರಳು ನಿಂತಿತು. ಇದೇಕೋ ಸರಿಯಿಲ್ಲ ಅನಿಸಿತು. ಶ್ರೀಸೂಕ್ತದ ಲಕ್ಷ್ಮಿ ಹೊನ್ನಿನ ಬಣ್ಣದವಳು, ಒಪ್ಪಿದೆ. ಆದರೆ ನನ್ನ ಬೆರಳು ತಡೆದದ್ದು ಶ್ರೀಸೂಕ್ತ ನೆನಪಾಗಿ ಅಲ್ಲ. ಮದುವೆಗೆ ಮುಂಚೆ ಎರಡು ವರ್ಷ ಕಡಲೆಹಿಟ್ಟು, ಕೆನೆ, ಟ್ಯೂಬು ಟ್ಯೂಬು ಕ್ರೀಮು ಹಚ್ಚಿಕೊಂಡವಳು ನಾನು. ಮನೆಗೆ ಬರುವ ಲಕ್ಷ್ಮಿ ಹೇಗಿರಬೇಕೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ರಾತ್ರಿ ಅಮ್ಮ ಫೋನಿನಲ್ಲಿ ಎಂದಿನಂತೆ, "ಮಗುವನ್ನು ಬಿಸಿಲಿಗೆ ಬಿಡಬೇಡ ಮಾರಾಯ್ತಿ, ಮೊದಲೇ ಬಣ್ಣ ಕಡಿಮೆ" ಅಂದರು. ಮಗಳು ಫೋನು ಕಿತ್ತುಕೊಂಡಳು.

"ಅಜ್ಜೀ, ಉಡುಪಿ ಕೃಷ್ಣ ಯಾವ ಬಣ್ಣ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಕಪ್ಪು ಮಗಾ. ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕಪ್ಪು. ನೋಡಲಿಕ್ಕೆ ಎಷ್ಟು ಚಂದ ಉಂಟು ಗೊತ್ತುಂಟಾ?"

"ನನ್ನ ಹಾಗೆ?"

"ಹೌದು, ನಿನ್ನ ಹಾಗೆಯೇ" ಅಂದ ಅಮ್ಮ, ಫೋನಿಡುವ ಮೊದಲು ಮೆಲ್ಲಗೆ ಸೇರಿಸಿದರು: "ಆದರೂ ಬಿಸಿಲಿಗೆ ಹೋಗಬೇಡ, ಆಯ್ತಾ?"