ಬಾಲ್ಕನಿಯಲ್ಲೊಂದು ಬಸಳೆ ಚಪ್ಪರ

ಕುಂದಾಪುರ ಪೇಟೆಗೆ ಮೂರು ಕಡೆ ನೀರು. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ಹೊಳೆಗಳು ಪಂಚಗಂಗಾವಳಿಯಾಗಿ ಇಲ್ಲೇ ಕಡಲು ಸೇರುತ್ತವೆ. ಅಗಲಕ್ಕೆ ಬೆಳೆಯಲು ಜಾಗವಿಲ್ಲದ ಪೇಟೆ ಈಗ ಮೇಲಕ್ಕೆ ಬೆಳೆಯುತ್ತಿದೆ. ಅಂಗಳ, ತುಳಸಿಕಟ್ಟೆ, ಬಾವಿಯ ಪಕ್ಕ ಬಸಳೆ ಚಪ್ಪರ ಇದ್ದ ಮನೆಗಳವರು ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬಂದಿದ್ದಾರೆ. ನಾವೂ ಹಾಗೇ ಬಂದವರು. ನಾಲ್ಕು ಅಡಿ ಅಗಲದ ಬಾಲ್ಕನಿಯೇ ಈಗ ನಮ್ಮ ಅಂಗಳ.

ಇಲ್ಲಿ ಗಿಡ ಬೆಳೆಸುವುದೆಂದರೆ ಬೆಂಗಳೂರಿನಲ್ಲಿ ಬೆಳೆಸಿದ ಹಾಗಲ್ಲ ಮಾರಾಯ್ರೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಪಡುವಣಕ್ಕೆ ಮುಖ ಮಾಡಿದ ಬಾಲ್ಕನಿಯಾದರೆ ಮಳೆ ನೇರ ಒಳಗೇ ಎರಚುತ್ತದೆ. ಬಿಸಿಲು ಸಿಗದೆ, ಮಣ್ಣು ಒಣಗದೆ ಬೇರು ಕೊಳೆಯುತ್ತದೆ. ಮಳೆ ಮುಗಿಯಿತು ಎನ್ನುವಾಗ ಉಪ್ಪುಗಾಳಿಗೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಫೋಟೋದಲ್ಲಿ ಚಂದ ಕಂಡಿತೆಂದು ತರಿಸಿದ ಗಿಡಗಳು ನಮ್ಮಲ್ಲಿ ಸೊರಗುವುದು ಇದಕ್ಕೇ.

ಯಾವ ಗಿಡ ಉಳಿಯುತ್ತದೆ ಎಂದು ತಿಳಿಯಬೇಕಾದರೆ ಬೈಂದೂರು ಕಡೆ ಒಂದು ಸುತ್ತು ಹೋಗಿಬರಬೇಕು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಪ್ರವಾಸಿಗರು ಕಡಲು ನೋಡಲು ನಿಲ್ಲುತ್ತಾರೆ. ನಾನು ಆಚೀಚೆಯ ಮನೆಗಳ ಅಂಗಳ ನೋಡುತ್ತೇನೆ. ಉಪ್ಪುಗಾಳಿ ಬಡಿಯುವಲ್ಲೂ ನಿತ್ಯಪುಷ್ಪ, ಕಾಗದದ ಹೂ, ದಾಸವಾಳ, ಲೋಳೆಸರ ಬೆಚ್ಚಗಿರುತ್ತವೆ. ಕಡಲ ಬದಿಯ ಅಂಗಳದಲ್ಲಿ ನಿಂತ ಗಿಡ ಫ್ಲ್ಯಾಟಿನ ಬಾಲ್ಕನಿಯಲ್ಲೂ ನಿಲ್ಲುತ್ತದೆ. ಗಾಳಿ ಜೋರಿದ್ದ ಮರುದಿನ ಎಲೆಗಳ ಮೇಲೆ ಸಿಹಿನೀರು ಚಿಮುಕಿಸಿ ಉಪ್ಪು ತೊಳೆದರೆ ಇನ್ನೂ ಒಳ್ಳೆಯದು. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್‌ನಂಥವು ಮಳೆಗಾಲದಲ್ಲಿ ಕಿಟಕಿಯ ಒಳಬದಿಗೆ ಬಂದರೆ ಸಾಕು.

ಗಿಡದಷ್ಟೇ ಮುಖ್ಯ ಮಣ್ಣು. ಅದಕ್ಕೆ ತೆಂಕು ಮುಖವಾಗಿ ಬ್ರಹ್ಮಾವರಕ್ಕೆ ಹೋಗುತ್ತೇವೆ. ಅಲ್ಲಿ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ, ಜತೆಗೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಕೃಷಿ ಮೇಳಕ್ಕೆ ಹೋದರೆ ಗದ್ದೆ ತೋಟದವರ ನಡುವೆ ನಮ್ಮಂಥ ಬಾಲ್ಕನಿ ಕೃಷಿಕರೂ ಚೀಲ ಹಿಡಿದು ನಿಂತಿರುತ್ತಾರೆ. ಆ ಕಡೆ ಅನೇಕ ಮನೆಗಳ ತಾರಸಿಯಲ್ಲಿ ಕುಂಡದೊಳಗೇ ಮಲ್ಲಿಗೆ ಬೆಳೆಯುತ್ತಾರೆ. ಶಂಕರಪುರ ಮಲ್ಲಿಗೆ ಎಂದು ನಾವು ಕರೆಯುವ, ಭೌಗೋಳಿಕ ಸೂಚಿಕೆ ಪಡೆದ ಉಡುಪಿ ಮಲ್ಲಿಗೆ ಅದು. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮ ಎರಡು ಕುಂಡದಲ್ಲಿ ಚೆಂಡಿನ ಮಾತು ದೂರ, ಆದರೆ ಶುಕ್ರವಾರ ದೇವರಿಗೆ, ಮುಡಿಗೆ ಸಾಲುತ್ತದೆ. ಮಲ್ಲಿಗೆಗೆ ಬಿಸಿಲು ಬೇಕೇ ಬೇಕು. ನೆರಳಿನ ಬಾಲ್ಕನಿಯವರು ಆಸೆ ಬಿಡುವುದು ಒಳಿತು.

ಕುಂಡಕ್ಕೆ ನಾವು ಹಾಕುವುದು ಕೆಂಪು ಮಣ್ಣು, ಹಟ್ಟಿ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ. ನಾರಿನ ಪುಡಿಯಲ್ಲಿ ಉಪ್ಪಿರಬಹುದಾದ್ದರಿಂದ ಎರಡು ಮೂರು ಸಲ ನೀರಲ್ಲಿ ತೊಳೆದು ಹಿಂಡಿಯೇ ಹಾಕಬೇಕು. ಇದೆಲ್ಲಕ್ಕಿಂತ ಮೇಲು ಸುಡುಮಣ್ಣು. ತರಗೆಲೆ, ಕಡ್ಡಿಕಸದ ಮೇಲೆ ಮಣ್ಣು ಮುಚ್ಚಿ ನಿಧಾನ ಹೊಗೆಯಾಡಿಸಿ ಮಾಡುವ ಗೊಬ್ಬರ. ಫ್ಲ್ಯಾಟಿನಲ್ಲಿ ಅದನ್ನು ಮಾಡಲು ಸಾಧ್ಯವಿಲ್ಲ. ಊರಿಗೆ ಹೋದವರ ಕಾರಿನ ಡಿಕ್ಕಿಯಲ್ಲಿ ತೆಂಗಿನಕಾಯಿ ಜತೆ ಒಂದು ಚೀಲ ಬರುತ್ತದೆ, ಅಷ್ಟೇ.

ನಮ್ಮ ಮನೆಯಲ್ಲಿ ಗಿಡ ಬರೀ ಅಲಂಕಾರಕ್ಕಲ್ಲ. ಮೊಣಕಾಲು ನೋವು ಹೆಚ್ಚಾದ ಮೇಲೆ ಅತ್ತೆ ಬೈಂದೂರು ಬದಿಯ ಹಳೇ ಮನೆಗೆ ಬೀಗ ಹಾಕಿ ನಮ್ಮೊಟ್ಟಿಗೆ ಬಂದರು. ಊಟ, ಔಷಧ, ಟಿವಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಬೆಳಿಗ್ಗೆ ಎದ್ದು, "ಇನ್ ಎಂತ ಮಾಡೂದ್?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಳೆ ಬಿಟ್ಟ ಮೇಲೆ ದೊಡ್ಡದೊಂದು ಬಕೆಟ್‌ಗೆ ತೂತು ಮಾಡಿ, ಮೂರ್ನಾಲ್ಕು ಗಂಟಿರುವ ಬಸಳೆ ತುಂಡು ಊರಿ, ಗ್ರಿಲ್ಲಿಗೆ ನೂಲಿನ ಹಗ್ಗ ಕಟ್ಟಿ ಹಬ್ಬಿಸಿದೆವು. ಕುಡಿ ಚಿವುಟುವುದು, ಹುಳ ನೋಡುವುದು, ಅಕ್ಕಿ ತೊಳೆದ ನೀರು ಹೊಯ್ಯುವುದು ಎಲ್ಲ ಅವರದೇ ಕೆಲಸವಾಯಿತು. ಈಗ ನನಗೇ ಪಾಠ: "ಮಳಿಗಾಲ್ದಗೆ ನೀರ್ ಹಾಕುಕಾಗ, ಬೆರಳ್ ಹಾಕಿ ಮಣ್ ಕಾಣ್."

ಊರಲ್ಲಿ ಗಿಡ ದುಡ್ಡು ಕೊಟ್ಟು ತರುವ ಪದ್ಧತಿಯೇ ಇರಲಿಲ್ಲ, ಕೇಳಿ ತರುವುದು. ನಮ್ಮ ಮಹಡಿಯಲ್ಲಿ ಎದುರು ಬಾಗಿಲಿನವರ ಹೆಸರೂ ಗೊತ್ತಿರಲಿಲ್ಲ. ಒಂದು ಸಂಜೆ ಅವರೇ ಬಂದು, "ಹ್ವಾಯ್, ಆ ಬಸಳಿ ಒಂದ್ ತುಂಡ್ ಕೊಡ್ತ್ರ್ಯಾ?" ಎಂದರು. ಅತ್ತೆ ತುಂಡಿನ ಜತೆ ಅರ್ಧ ಗಂಟೆ ಮಾತನ್ನೂ ಕೊಟ್ಟರು. ವಾರದಲ್ಲಿ ಆ ಕಡೆಯಿಂದ ಅಬ್ಬಲಿಗೆ ಸಸಿ ಬಂತು, ಮತ್ತೊಂದು ಮನೆಯಿಂದ ದೊಡ್ಡಪತ್ರೆ. ಈಗ ಅತ್ತೆಗೆ ಮೂರು ಮಹಡಿಯವರ ಮೊಣಕಾಲು ನೋವೂ ಗೊತ್ತು.

ಹಾಗೆಂದು ನೆರೆಕರೆ ಕೆಡಿಸಿಕೊಳ್ಳುವುದಕ್ಕೂ ಗಿಡವೇ ಸಾಕು. ಕುಂಡದ ಕೆಸರು ನೀರು ಕೆಳಗಿನವರು ಒಣಗಿಸಿದ ಬಟ್ಟೆ ಮೇಲೆ ಬಿದ್ದರೆ ಸ್ನೇಹ ಮುಗಿಯಿತು. ಕುಂಡದಡಿ ತಟ್ಟೆ ಇಡಿ. ಆ ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಿ ತೊಳೆಯಿರಿ, ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲೇ. ಭಾರದ ಸಿಮೆಂಟ್ ಕುಂಡ ಬೇಡ. ಗ್ರಿಲ್ಲಿನ ಹೊರಗೆ ಏನನ್ನೂ ತೂಗುಹಾಕಬೇಡಿ, ಮಳೆಗಾಲದ ಗಾಳಿಗೆ ಅದು ಯಾರ ತಲೆ ಮೇಲೆ ಬೀಳುತ್ತದೋ ಹೇಳಲಾಗದು.

ಹೊಸದಾಗಿ ಶುರು ಮಾಡುವವರು ಅಕ್ಟೋಬರ್‌ವರೆಗೆ ಕಾಯಿರಿ. ಮಳೆ ಹಿಂದೆ ಸರಿದು ಎಳೆಬಿಸಿಲು ಬರುವ ಹೊತ್ತು. ನರ್ಸರಿಗೆ ಹೋಗುವ ಮೊದಲು ನಿಮ್ಮ ಮಹಡಿಯಲ್ಲೇ ಒಂದು ಬಾಗಿಲು ತಟ್ಟಿ, ಬಸಳೆ ಇದೆಯಾ ಎಂದು ಕೇಳಿ ನೋಡಿ.